ಲಾಕಿನ ಕೀಲಿ ಯಾರ ಕೈಯಲ್ಲಿರಬೇಕು?

ಕೆಲಸ ಮುಗಿದ ಮೇಲೆ ಒಂದು ವಸ್ತುವನ್ನು ಏನು ಮಾಡಬೇಕು?

ನಮಗೆ ಸಾಮಾನ್ಯವಾಗಿ ಹೊಳೆಯೋದು ಎರಡೇ ಉತ್ತರ. ಒಂದೋ ಕೆಡವಿ ಜಾಗ ಖಾಲಿ ಮಾಡಬೇಕು. ಇಲ್ಲಾ, ಸುತ್ತ ಕಂಬಿ ಹಾಕಿ, 'ಮುಟ್ಟಬೇಡಿ' ಅಂತ ಬೋರ್ಡು ನೇತುಹಾಕಿ, ಟಿಕೆಟ್ಟಿಟ್ಟು ತೋರಿಸಬೇಕು. ನಾನು ದಿನಾ ಕೂತು ಕೆಲಸ ಮಾಡುವ ಸಾಫ್ಟ್‌ವೇರ್ ಜಗತ್ತಿನಲ್ಲೂ ಇದೇ ಕಥೆ. ಹತ್ತು ವರ್ಷ ಹಳೆಯ ಸಿಸ್ಟಮ್ಮು ಅಂದರೆ ಸಾಕು, 'ಕಿತ್ತು ಹೊಸದಾಗಿ ಬರೆಯೋಣ' ಅನ್ನೋರು ಒಂದು ಕಡೆ, 'ನಡೀತಿದೆಯಲ್ಲ, ಕೈ ಹಚ್ಚಬೇಡ' ಅನ್ನೋರು ಇನ್ನೊಂದು ಕಡೆ.

ಮೂರನೇ ಉತ್ತರವೂ ಒಂದಿದೆ ಅನ್ನೋದು ನನ್ನ ವಾದ. ಬಳಸುವವರ ಕೈಗೇ ಅದರ ಕೀಲಿ ಕೊಡೋದು. ಆದರೆ ಹಾಗೆ ಕೊಟ್ಟ ಮಾತ್ರಕ್ಕೆ ಅದರ ಖರ್ಚಿನಿಂದ ಸರ್ಕಾರ ಕೈತೊಳೆದುಕೊಳ್ಳಬಾರದು. ಈ ಎರಡೂ ಒಟ್ಟಿಗೇ ಇರಬೇಕು.

ಇದನ್ನು ನಾನು ಪುಸ್ತಕ ಓದಿ ಹೇಳ್ತಾ ಇಲ್ಲ. ಇಂಗ್ಲೆಂಡಿನ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಒಂದು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ, ನ್ಯಾರೋಬೋಟ್ ಅನ್ನೋ ಉದ್ದ ದೋಣಿಯಲ್ಲಿ ಹೋಗಿ ಬಂದ ಮೇಲೆ ಹೇಳ್ತಾ ಇದೀನಿ.

ಮೊದಲು ದೋಣಿಯ ಬಗ್ಗೆ ಎರಡು ಮಾತು. ನ್ಯಾರೋಬೋಟ್ ಹೆಸರಿಗೆ ತಕ್ಕ ಹಾಗೆ ಸಪೂರ. ಅಗಲ ಏಳು ಅಡಿಗಿಂತ ಒಂದೆರಡು ಇಂಚು ಕಡಿಮೆ, ಉದ್ದ ಎಪ್ಪತ್ತು ಅಡಿಯವರೆಗೂ ಇರಬಹುದು. ಒಂದು ರೈಲು ಬೋಗಿಯನ್ನು ಅಗಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಸಿ ನೀರಿಗೆ ಬಿಟ್ಟ ಹಾಗೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತುಂಬ ಕಾಲುವೆ ತೋಡುವ ಹುಚ್ಚು ಹತ್ತಿತ್ತು. 1761ರಲ್ಲಿ ಜೇಮ್ಸ್ ಬ್ರಿಂಡ್ಲಿ ಅನ್ನೋ ಎಂಜಿನಿಯರ್ ಕೈಯಲ್ಲಿ ಮೂಡಿದ ಬ್ರಿಜ್‌ವಾಟರ್ ಕಾಲುವೆಯಿಂದ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿದಿದ್ದೇ ಅದಕ್ಕೆ ಕಾರಣ. ಲೆಕ್ಕ ಸರಳ. ಕೆಸರು ರಸ್ತೆಯಲ್ಲಿ ಗಾಡಿ ಎಳೆಯುವ ಕುದುರೆ ಒಂದೆರಡು ಟನ್‌ಗೆ ಏದುಸಿರು ಬಿಡುತ್ತೆ. ಅದೇ ಕುದುರೆ ನೀರಿನ ಮೇಲಿನ ದೋಣಿಯಲ್ಲಿ ಮೂವತ್ತು ಟನ್ ಎಳೆಯುತ್ತೆ.

ಲಂಡನ್ನನ್ನು ಮಧ್ಯ ಇಂಗ್ಲೆಂಡಿನ ಕಾಲುವೆಗಳಿಗೆ ಸೇರಿಸೋಕೆ 1793ರಲ್ಲಿ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟ ಕಾಲುವೆಯ ಹೆಸರು ಗ್ರ್ಯಾಂಡ್ ಜಂಕ್ಷನ್. ವಿಲಿಯಂ ಜೆಸಪ್ ಅದರ ಮುಖ್ಯ ಎಂಜಿನಿಯರ್. 1929ರಲ್ಲಿ ಅದೂ ಬೇರೆ ಕೆಲವು ಕಾಲುವೆಗಳೂ ಸೇರಿ ಗ್ರ್ಯಾಂಡ್ ಯೂನಿಯನ್ ಆಯಿತು.

ನಾನು ಪ್ರಾಜೆಕ್ಟಿನ ಮೇಲೆ ಮಿಲ್ಟನ್ ಕೀನ್ಸಿನಲ್ಲಿದ್ದಾಗ ದಿನಾ ಸಂಜೆ ವಾಕಿಂಗ್ ಹೋಗ್ತಿದ್ದಿದ್ದು ಇದೇ ಕಾಲುವೆ ದಂಡೆಯಲ್ಲಿ. ಜೊತೆಗಿದ್ದ ಮಂಡ್ಯ ಕಡೆಯ ಗೆಳೆಯನ ಅಪ್ಪ ಅಮ್ಮ ಊರಿಂದ ಬಂದಿದ್ದರು. ಅವರನ್ನೂ ಕರ್ಕೊಂಡು ಒಂದು ವಾರಾಂತ್ಯಕ್ಕೆ ದೋಣಿ ಬಾಡಿಗೆಗೆ ತಗೊಂಡ್ವಿ. ಒಟ್ಟು ಐದು ಜನ. ಗೆಳೆಯ ಅಪ್ಪಾಜಿ ಅಂತ ಕರೀತಾನೆ, ಹಾಗಾಗಿ ನಮಗೂ ಅವರು ಅಪ್ಪಾಜಿಯೇ. ಕಾವೇರಿ ನಾಲೆ ನೀರಿನಲ್ಲಿ ಭತ್ತ, ಕಬ್ಬು ಬೆಳೆದವರು. ಕಾಲುವೆ ನೋಡಿದ ಕೂಡಲೇ ಅವರ ಮೊದಲ ಪ್ರಶ್ನೆ:

"ಅಲ್ಲ ಕಣಪ್ಪಾ, ಇಷ್ಟೊಂದು ನೀರು ಅದಲ್ಲಾ, ಇದು ಯಾವ ಗದ್ದೆಗೆ ಓಯ್ತದೆ?"

"ಯಾವ ಗದ್ದೆಗೂ ಹೋಗಲ್ಲ ಅಪ್ಪಾಜಿ. ಬರೀ ದೋಣಿ ಓಡಾಡಕ್ಕೆ."

"ಈಗ ಸರಕು ಸಾಗ್ಸ್ತಾರಾ?"

"ಇಲ್ಲ. ನಮ್ ಥರ ಸುತ್ತಾಡೋರೇ ಜಾಸ್ತಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾರೆ ಇದ್ನ ಯಾಕೆ ಮಡೀಕಂಡವ್ರೆ?" ಅಂದರು.

ಇದಕ್ಕಿಂತ ನೇರವಾದ ಪ್ರಶ್ನೆ ಇಲ್ಲ. ಈ ಬರಹ ಪೂರ್ತಿ ಅದಕ್ಕೇ ಉತ್ತರ ಅಂದುಕೊಳ್ಳಿ.

ನಮ್ಮ ದಾರಿ ವುಲ್ವರ್ಟನ್ನಿಂದ ಬ್ಲಿಸ್‌ವರ್ತ್ ಹಳ್ಳಿಗೆ. ಹತ್ತು ಮೈಲಿ ಆಸುಪಾಸು. ಕಾರಿನಲ್ಲಿ ಅರ್ಧ ಗಂಟೆ ಸಾಕು, ನಮಗೆ ಇಡೀ ದಿನ ಹಿಡಿಯಿತು. ಕಾಲುವೆಯಲ್ಲಿ ಗರಿಷ್ಠ ವೇಗ ಗಂಟೆಗೆ ನಾಲ್ಕು ಮೈಲಿ. ದಂಡೆಗೆ ಕಟ್ಟಿದ ದೋಣಿಗಳ ಪಕ್ಕ ಹೋಗುವಾಗ ಇನ್ನೂ ನಿಧಾನ ಮಾಡಬೇಕು, ಇಲ್ಲದಿದ್ದರೆ ಒಳಗೆ ಕಾಫಿ ಕುಡಿಯುತ್ತಾ ಇರೋರ ಬಟ್ಟಲು ಅಲ್ಲಾಡುತ್ತೆ. ನಾಯಿ ಹಿಡ್ಕೊಂಡು ವಾಕ್ ಹೋಗೋ ಅಜ್ಜಿಯರು ನಮ್ಮನ್ನು ಓವರ್‌ಟೇಕ್ ಮಾಡಿ, ಕೈಬೀಸಿ ಮುಂದೆ ಹೋದರು :-)

ಸ್ವಲ್ಪ ದೂರಕ್ಕೆ ಗ್ರೇಟ್ ಊಸ್ ಹೊಳೆ ಅಡ್ಡ ಬರುತ್ತೆ. ಹೊಳೆಯ ಮೇಲೆ ಒಂದು ಕಬ್ಬಿಣದ ತೊಟ್ಟಿ, ಅದರೊಳಗೆ ಕಾಲುವೆ, ಕಾಲುವೆಯೊಳಗೆ ನಾವು! ಒಂದು ಪಕ್ಕ ನಡೆಯುವ ದಾರಿ ಇದೆ. ಇನ್ನೊಂದು ಪಕ್ಕ ತೊಟ್ಟಿಯ ಅಂಚು, ಅದರಾಚೆ ಬರೀ ಗಾಳಿ, ಸುಮಾರು ಹನ್ನೆರಡು ಮೀಟರ್ ಕೆಳಗೆ ಹೊಳೆ. ಇಲ್ಲಿ ಮೊದಲು ಹೊಳೆಗೆ ಇಳಿದು ಮತ್ತೆ ಹತ್ತೋಕೆ ಲಾಕ್‌ಗಳಿದ್ದವು. 1805ರಲ್ಲಿ ಕಲ್ಲು ಇಟ್ಟಿಗೆಯ ಮೇಲ್ಗಾಲುವೆ ಕಟ್ಟಿದರು, ಅದು 1808ರಲ್ಲಿ ಕುಸಿಯಿತು. 1811ರಲ್ಲಿ ಬಂದಿದ್ದು ಈ ಕಬ್ಬಿಣದ್ದು. ಇನ್ನೂರು ವರ್ಷ ದಾಟಿದೆ, ಇವತ್ತೂ ಅದರ ಮೇಲೆ ದೋಣಿ ಹೋಗುತ್ತೆ. ಮೂರನೇ ವರ್ಶನ್ ಸ್ಟೇಬಲ್ ಆಯ್ತು ಅಂತ ನಾನು ಮನಸ್ಸಿನಲ್ಲೇ ನಕ್ಕೆ.

ಆಮೇಲೆ ಹೊಲ, ಕುರಿ, ಬಾತುಕೋಳಿ, ಇಟ್ಟಿಗೆ ಸೇತುವೆಗಳು. ಮಧ್ಯಾಹ್ನದ ಹೊತ್ತಿಗೆ ಸ್ಟೋಕ್ ಬ್ರೂಅರ್ನ್ ಬುಡಕ್ಕೆ ಬಂದ್ವಿ. ಇಲ್ಲಿ ಏಳು ಲಾಕ್‌ಗಳ ಸಾಲು. ಏಳೂ ಸೇರಿ ದೋಣಿಯನ್ನು 56 ಅಡಿ ಮೇಲಕ್ಕೆತ್ತುತ್ತವೆ.

ಲಾಕ್ ಅಂದರೆ ಬೀಗ ಅಲ್ಲ, ನೀರಿನ ಮೆಟ್ಟಿಲು. ಎರಡು ತುದಿಯಲ್ಲೂ ಕದಗಳಿರುವ ಒಂದು ಉದ್ದ ತೊಟ್ಟಿ ಊಹಿಸಿಕೊಳ್ಳಿ. ಕೆಳಗಿನ ಕದದಿಂದ ದೋಣಿ ಒಳಗೆ ಬರುತ್ತೆ. ಕದ ಮುಚ್ಚಬೇಕು. ಮೇಲಿನ ಕಡೆಯ ಪ್ಯಾಡಲ್ ಎತ್ತಿದರೆ ನೀರು ಒಳಗೆ ನುಗ್ಗುತ್ತೆ, ದೋಣಿ ಮೇಲೇಳುತ್ತೆ. ಒಳಗಿನ ನೀರೂ ಮೇಲಿನ ಕಾಲುವೆಯ ನೀರೂ ಒಂದೇ ಮಟ್ಟಕ್ಕೆ ಬಂದಾಗ ಮೇಲಿನ ಕದ ತೆಗೆದು ಮುಂದೆ ಹೋಗಬಹುದು. ಪಂಪಿಲ್ಲ, ಮೋಟರಿಲ್ಲ, ಕರೆಂಟಿಲ್ಲ. ನೀರು ಇಳಿಜಾರಿಗೆ ಹರಿಯುತ್ತೆ ಅನ್ನೋ ಒಂದೇ ಸತ್ಯದ ಮೇಲೆ ಎಲ್ಲಾ ನಡೆಯುತ್ತೆ.

ಪ್ಯಾಡಲ್ ಅಂದರೆ ಏನು ಅಂತ ನಾನು ವಿವರಿಸೋಕೆ ಹೊರಟಾಗ ಅಪ್ಪಾಜಿ ತಡೆದರು. "ತೂಬು ಕಣಪ್ಪ. ಕೆರೆ ತೂಬು. ಅದ್ರಲ್ಲೇನದೆ?" ಅಂದರು. ಅಷ್ಟೇ! ಮೂರು ನಿಮಿಷದ ನನ್ನ ಭಾಷಣಕ್ಕೆ ಎರಡಕ್ಷರದ ಪರಿಹಾರ.

ಈ ತೂಬು ಎತ್ತೋಕೆ ಬೇಕಾಗಿರೋದು ವಿಂಡ್‌ಲಾಸ್ ಅನ್ನೋ ಒಂದು ಕಬ್ಬಿಣದ ಹಿಡಿಕೆ. ಕಾರಿನ ಟೈರ್ ಬಿಚ್ಚೋ ಪಾನಾ ಥರ ಇರುತ್ತೆ. ಇದೇ ಲಾಕಿನ ಕೀಲಿ. ದೋಣಿ ಕೊಡುವಾಗ ಇದನ್ನೂ ಕೈಗೆ ಕೊಟ್ಟು, ಒಂದಷ್ಟು ಹೊತ್ತು ಹೇಳಿಕೊಟ್ಟು ಕಳಿಸ್ತಾರೆ. ಬಾಡಿಗೆ ದೋಣಿಗೆ ಲೈಸೆನ್ಸು ಪರೀಕ್ಷೆ ಏನೂ ಇಲ್ಲ. ಆಮೇಲೆ ದಾರಿಯುದ್ದಕ್ಕೂ ಇನ್ನೂರು ವರ್ಷ ಹಳೆಯ ಸಾರ್ವಜನಿಕ ಯಂತ್ರವನ್ನು ನಡೆಸುವವರು ನಾವೇ. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. ನಮ್ಮ ಆಫೀಸಿನಲ್ಲಿ ಒಂದು ಟೆಸ್ಟ್ ಸರ್ವರಿಗೆ ಪಾಸ್‌ವರ್ಡ್ ಸಿಗಬೇಕಾದರೂ ಮೂರು ಜನ ಮೇಲಿನವರ ಅನುಮತಿ ಬೇಕು.

ಹಾಗಂತ ಇದು ಬೇಜವಾಬ್ದಾರಿ ಅಲ್ಲ. ಯಂತ್ರದ ವಿನ್ಯಾಸವೇ ಕಾವಲುಗಾರ. ಕದಗಳು ನೇರವಾಗಿ ಮುಚ್ಚಿಕೊಳ್ಳಲ್ಲ. ಮೇಲಿನ ನೀರಿನ ಕಡೆಗೆ ಮೊನೆ ಮಾಡಿಕೊಂಡು, ಬಾಣದ ತುದಿಯ ಹಾಗೆ ಸೇರುತ್ತವೆ. ನೀರು ಒತ್ತಿದಷ್ಟೂ ಇನ್ನೂ ಬಿಗಿಯಾಗುತ್ತವೆ. ಹದಿನೈದನೇ ಶತಮಾನದ ಕೊನೆಯಲ್ಲಿ ಇಟಲಿಯ ಮಿಲಾನಿನಲ್ಲಿದ್ದ ಲಿಯನಾರ್ಡೊ ಡ ವಿಂಚಿಯ ಚಿತ್ರಗಳಲ್ಲೂ ಇಂಥ ಕದ ಇದೆ. ಒಳಗೂ ಹೊರಗೂ ನಾಲ್ಕೇ ಇಂಚು ನೀರಿನ ವ್ಯತ್ಯಾಸ ಇದ್ದರೂ ಒಂದು ಕದದ ಮೇಲೆ ನೂರಾರು ಕಿಲೋ ಒತ್ತಡ ಬೀಳುತ್ತೆ. ಎಷ್ಟೇ ಗಟ್ಟಿಮುಟ್ಟಾದ ಮನುಷ್ಯ ತಳ್ಳಿದರೂ ಅಲ್ಲಾಡಲ್ಲ. ಮಟ್ಟ ಸಮ ಆಯ್ತೋ, ಗೆಳೆಯನ ಅಮ್ಮ ಬೆನ್ನು ಕೊಟ್ಟು ಮರದ ತೊಲೆಯನ್ನು ಒತ್ತಿದರೆ ಸಾಕು, ಟನ್‌ಗಟ್ಟಲೆ ತೂಕದ ಕದ ಸದ್ದಿಲ್ಲದೆ ತೆರೆದುಕೊಳ್ಳುತ್ತೆ. ಅವಸರ ಮಾಡುವವನಿಗೆ ಬಾಗಿಲು ತೆರೆಯಲ್ಲ. ಬೋರ್ಡು ಹಾಕಿ ಎಚ್ಚರಿಸಬೇಕಿಲ್ಲ, ಭೌತಶಾಸ್ತ್ರವೇ ನೋಡಿಕೊಳ್ಳುತ್ತೆ.

ಸ್ಟೋಕ್ ಬ್ರೂಅರ್ನ್‌ನಲ್ಲಿ ಲೈಫ್ ಜಾಕೆಟ್ ತೊಟ್ಟ ಒಬ್ಬ ಹಿರಿಯರು ನಿಂತಿದ್ದರು. ಸ್ವಯಂಸೇವಕರು, ಸಂಬಳ ಇಲ್ಲ. ಮೇಷ್ಟ್ರಾಗಿ ರಿಟೈರ್ ಆದವರಂತೆ. ಅವರು ತಾವೇ ಬಂದು ಪಟಪಟ ತಿರುಗಿಸಿ ಕಳಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಕೈಯಲ್ಲಿ ವಿಂಡ್‌ಲಾಸ್ ಹಿಡಿದು ನೋಡ್ತಾ ನಿಂತಿದ್ದ ಅಪ್ಪಾಜಿಯ ಹತ್ತಿರ ಬಂದು, ಹಲ್ಲುಚಕ್ರ ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆಯನ್ನು ತೋರಿಸಿ, ಸನ್ನೆಯಲ್ಲೇ 'ನಿಧಾನ' ಅಂದರು. ಇವರಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಆದರೆ ನೀರು ಒಳಗೆ ಬರೋ ಸದ್ದು ಇಬ್ಬರಿಗೂ ಅರ್ಥವಾಗ್ತಿತ್ತು. ಅರ್ಧ ಎತ್ತಿ, ದೋಣಿ ಹೊಯ್ದಾಡೋದು ನಿಂತ ಮೇಲೆ ಪೂರ್ತಿ ಎತ್ತಿದರು ಅಪ್ಪಾಜಿ. ಹೇಳಿಕೊಡೋದೇ ಬೇಕಿರಲಿಲ್ಲ.

ಇನ್ನೊಂದು ವಿಷಯ. ಇಲ್ಲಿನ ಲಾಕ್ ಹದಿನಾಲ್ಕು ಅಡಿ ಅಗಲ, ಅಂದರೆ ಎರಡು ನ್ಯಾರೋಬೋಟ್ ಪಕ್ಕಪಕ್ಕ ಹಿಡಿಯುತ್ತೆ. ಒಂದು ಸಲ ತುಂಬೋಕೆ ಎಷ್ಟು ನೀರು ಬೇಕು ಅಂತ ನಾನೇ ಲೆಕ್ಕ ಹಾಕಿದೆ. 72 ಅಡಿ ಉದ್ದ, 14 ಅಡಿ ಅಗಲ, 8 ಅಡಿ ಏರಿಕೆ. ಎರಡು ಲಕ್ಷ ಲೀಟರ್ ದಾಟುತ್ತೆ! ಪ್ರತಿ ಸಲವೂ ಅಷ್ಟು ನೀರು ಮೇಲಿನಿಂದ ಕೆಳಕ್ಕೆ ಹೋಗುತ್ತೆ. ಹಾಗಾಗಿ ಹಿಂದೆ ಇನ್ನೊಂದು ದೋಣಿ ಬರ್ತಾ ಇದ್ದರೆ ಕಾದು ಜೊತೆಗೆ ಹೋಗೋದು ಇಲ್ಲಿನ ರೂಢಿ. ನೀರೂ ಉಳಿಯುತ್ತೆ, ಕೆಲಸವೂ ಅರ್ಧ. ನಾವೂ ಕಾದ್ವಿ. ಜೊತೆಗೆ ಬಂದ ದೋಣಿಯಲ್ಲಿದ್ದ ಗಂಡ ಹೆಂಡತಿ ವರ್ಷಗಳಿಂದ ದೋಣಿಯಲ್ಲೇ ಮನೆ ಮಾಡಿಕೊಂಡಿರುವವರು. ಏಳು ಲಾಕ್ ಮುಗಿಯುವ ಹೊತ್ತಿಗೆ ಗೆಳೆಯನ ಅಮ್ಮನ ಚಕ್ಕುಲಿ ಆ ದೋಣಿಗೂ, ಅವರ ಕೇಕು ಈ ದೋಣಿಗೂ ಹೋಗಿ ಬಂದಾಗಿತ್ತು.

ಏಳನೇ ಲಾಕ್ ದಾಟಿ, ಹಳ್ಳಿಯ ಮುಂದೆ ಹಾದು ಅರ್ಧ ಮೈಲಿ ಹೋದರೆ ಬ್ಲಿಸ್‌ವರ್ತ್ ಸುರಂಗದ ಬಾಯಿ. ಉದ್ದ 2813 ಮೀಟರ್. ದೋಣಿ ಓಡಾಡುವ ಬ್ರಿಟನ್ನಿನ ಸುರಂಗಗಳಲ್ಲಿ ಇದು ಬಹಳ ಉದ್ದದವುಗಳಲ್ಲಿ ಒಂದು. ಮುಂದೆ ದೀಪ ಹಾಕಿಕೊಂಡು ಒಳಗೆ ಹೋದರೆ ಆ ಕಡೆಯ ಬೆಳಕು ಸೂಜಿಮೊನೆಯಷ್ಟು. ಅಲ್ಲಲ್ಲಿ ಗಾಳಿಗೆ ಬಿಟ್ಟ ಬಾವಿಗಳಿಂದ ತಲೆ ಮೇಲೆ ನೀರು ಸುರಿಯುತ್ತೆ. ಎದುರಿಂದ ಇನ್ನೊಂದು ದೋಣಿ ಬಂದರೆ ಎರಡೂ ಗೋಡೆಗೆ ಒತ್ತಿಕೊಂಡು, ಗೇಣಿನ ಅಂತರದಲ್ಲಿ ದಾಟಬೇಕು. ಅರ್ಧ ಗಂಟೆ ದಾಟಿದರೂ ಕತ್ತಲೆ ಮುಗಿಯಲಿಲ್ಲ.

ಆ ಕತ್ತಲೆಯಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು ಅನ್ನಿಸಿತು. ಇದು ಬರೀ ಚೆಂದದ ಕಥೆ ಅಲ್ಲ. 1793ರಲ್ಲಿ ಅಗೆಯಲು ಶುರು ಮಾಡಿದ ಸುರಂಗ ಉಸುಕು ಸಿಕ್ಕಿ ಕುಸಿದು ಹದಿನಾಲ್ಕು ಜನ ಕೂಲಿಗಳು ಸತ್ತರು. ಬೇರೆ ಜಾಗದಲ್ಲಿ ಮತ್ತೆ ಅಗೆಯಬೇಕಾಯಿತು. ಕಾಲುವೆಯ ಉಳಿದ ಭಾಗ ಮುಗಿದರೂ ಇದು ಮುಗಿಯಲಿಲ್ಲ. ಹಾಗಾಗಿ ಗುಡ್ಡದ ಮೇಲೆ ಕಂಬಿ ಹಾಸಿ, ಈ ಕಡೆ ದೋಣಿಯಿಂದ ಇಳಿಸಿ, ಕುದುರೆ ಎಳೆಯುವ ಗಾಡಿಗೆ ತುಂಬಿ, ಆ ಕಡೆ ಮತ್ತೆ ದೋಣಿಗೆ ಹಾಕುತ್ತಿದ್ದರು. ನಮ್ಮ ಭಾಷೆಯಲ್ಲಿ ವರ್ಕ್‌ಅರೌಂಡ್! ಸುರಂಗ ತೆರೆದಿದ್ದು 1805ರಲ್ಲಿ.

ತೆರೆದ ಮೇಲೂ ಒಳಗೆ ಕುದುರೆಗೆ ದಾರಿ ಇರಲಿಲ್ಲ. ಕುದುರೆಯನ್ನು ಗುಡ್ಡದ ಮೇಲಿಂದ ನಡೆಸಿಕೊಂಡು ಹೋಗಬೇಕು. ದೋಣಿಯನ್ನು ಸಾಗಿಸೋಕೆ ಇಬ್ಬರು ಅಡ್ಡ ಹಲಗೆಯ ಮೇಲೆ ಅಂಗಾತ ಮಲಗಿ, ಎರಡು ಕಡೆಯ ಗೋಡೆಯ ಮೇಲೆ ಕಾಲಿಟ್ಟು 'ನಡೆಯಬೇಕು'. ಇದೇ ಕಸುಬಿನ ಜನ ಇದ್ದರು, ಅವರಿಗೆ ಲೆಗ್ಗರ್ ಅಂತ ಹೆಸರು. 1861ರಲ್ಲಿ ಉಗಿ ದೋಣಿಯೊಂದರ ಹೊಗೆಗೆ ಇದೇ ಸುರಂಗದಲ್ಲಿ ಇಬ್ಬರು ಉಸಿರುಕಟ್ಟಿ ಸತ್ತರು. 1871ರಿಂದ 1936ರವರೆಗೆ ದೋಣಿಗಳನ್ನು ಎಳೆಯೋಕೆ ಉಗಿಯ ಟಗ್‌ಗಳಿದ್ದವು. 1838ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲು ಪಕ್ಕದಲ್ಲೇ ಬಂದ ಮೇಲೆ ಪೈಪೋಟಿ ತಡೆಯಲಾರದೆ ದೋಣಿಯವರ ಕೂಲಿ ಇಳಿಯಿತು. ಮನೆ ಇಟ್ಟುಕೊಳ್ಳಲಾಗದೆ ಹೆಂಡತಿ ಮಕ್ಕಳನ್ನೂ ದೋಣಿಗೇ ತಂದರು. ಸುಮಾರು ಹತ್ತಡಿ ಉದ್ದ, ಏಳಡಿ ಅಗಲದ ಕ್ಯಾಬಿನ್ನಿನಲ್ಲಿ ಇಡೀ ಸಂಸಾರ. ಆ ಮಕ್ಕಳ ಓದು, ಆರೋಗ್ಯಕ್ಕೋಸ್ಕರ 1877ರಲ್ಲೂ 1884ರಲ್ಲೂ ಕಾನೂನು ತರಬೇಕಾಯಿತು. ಈಗಿನ ದೋಣಿಗಳ ಮೇಲೆ ಬರೆಯುವ ಗುಲಾಬಿ ಹೂವು, ಕೋಟೆಗಳ ಬಣ್ಣದ ಚಿತ್ತಾರ ಆ ಇಕ್ಕಟ್ಟಿನ ಬದುಕಿನಿಂದಲೇ ಬಂದಿದ್ದು.

ಹಳೆಯದನ್ನು ಉಳಿಸಬೇಕು ಅನ್ನುವಾಗ 'ಆಹಾ, ಎಂಥ ಕಾಲ' ಅನ್ನುವ ವಾದ ನನಗೆ ಬೇಡ. ಆ ಕಾಲ ಹಾಗೇನೂ ಇರಲಿಲ್ಲ. ಕಾಲುವೆ ಉಳಿಯಬೇಕಾಗಿರೋದು ಹಿಂದೆ ಏನಾಗಿತ್ತು ಅನ್ನೋದಕ್ಕಲ್ಲ, ಈಗ ಏನು ಮಾಡ್ತಿದೆ ಅನ್ನೋದಕ್ಕೆ.

ಸಾಯೋದಂತೂ ಬಹುತೇಕ ಖಾತ್ರಿಯಾಗಿತ್ತು. 1948ರಲ್ಲಿ ಕಾಲುವೆಗಳು ಸರ್ಕಾರದ ಪಾಲಾದವು. 1959ರಲ್ಲಿ ಎಂ1 ಹೆದ್ದಾರಿ ಬಂತು. 1962-63ರ ಭೀಕರ ಚಳಿಗಾಲದಲ್ಲಿ ವಾರಗಟ್ಟಲೆ ನೀರು ಹೆಪ್ಪುಗಟ್ಟಿ, ಉಳಿದಿದ್ದ ಸರಕು ವ್ಯಾಪಾರವೂ ಬಹುಪಾಲು ಲಾರಿಗಳ ಕೈಸೇರಿತು. ಉಳಿಸಿದ್ದು ಬಳಸುವವರು. ಟಾಮ್ ರೋಲ್ಟ್ ಅನ್ನೋ ಎಂಜಿನಿಯರ್ (ನಮ್ಮವನೇ!) ದೋಣಿಯಲ್ಲಿ ಸುತ್ತಾಡಿ ಬರೆದ 'ನ್ಯಾರೋ ಬೋಟ್' ಪುಸ್ತಕ 1944ರಲ್ಲಿ ಬಂತು. ಅದನ್ನೋದಿದ ರಾಬರ್ಟ್ ಐಕ್‌ಮನ್ ಅವನನ್ನು ಹುಡುಕಿಕೊಂಡು ಬಂದ. 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಹುಟ್ಟಿತು. (ಯಾವ ಕಾಲುವೆ ಉಳಿಸಬೇಕು ಅಂತ ಅವರಿಬ್ಬರೂ ಜಗಳವಾಡಿ ಬೇರೆಯಾಗಿದ್ದು ಬೇರೆ ಮಾತು. ಸಂಘ ಅಂದ ಮೇಲೆ ಇದ್ದದ್ದೇ ಬಿಡಿ.) 1968ರ ಸಾರಿಗೆ ಕಾಯ್ದೆ ಮೊದಲ ಸಲ ವಿಹಾರಕ್ಕೂ ಕಾಲುವೆ ಬೇಕು ಅಂತ ಒಪ್ಪಿಕೊಂಡಿತು. ಹೂಳು ತುಂಬಿದ ಕಾಲುವೆಗಳಲ್ಲಿ ಭಾನುವಾರ ಭಾನುವಾರ ಜನ ಇಳಿದು ಕೆಸರೆತ್ತಿದರು. ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣ ಭಾಗ 1964ರಲ್ಲಿ, ಕೆನೆಟ್–ಏವನ್ 1990ರಲ್ಲಿ ಮತ್ತೆ ತೆರೆದವು.

ಆದರೆ ಗಮನಿಸಿ. ಬ್ಲಿಸ್‌ವರ್ತ್ ಸುರಂಗದ ಗೋಡೆ ಕೆಟ್ಟು 1970ರ ದಶಕದ ಕೊನೆಯಲ್ಲಿ ಮುಚ್ಚಬೇಕಾದಾಗ ಅದನ್ನು ಭಾನುವಾರದ ಗುದ್ದಲಿ ರಿಪೇರಿ ಮಾಡಲಿಲ್ಲ. ನಡುವಿನ ಭಾಗಕ್ಕೆ ದೊಡ್ಡ ದೊಡ್ಡ ಕಾಂಕ್ರೀಟ್ ಬಳೆಗಳನ್ನು ಕೂರಿಸಿ 1984ರಲ್ಲಿ ಮತ್ತೆ ತೆರೆದಿದ್ದು ಸಾರ್ವಜನಿಕ ಹಣ. ಅಂಥ ಒಂದು ಬಳೆಯನ್ನು ಸುರಂಗದ ಬಾಯಿಯ ಹತ್ತಿರ ಈಗಲೂ ಇಟ್ಟಿದ್ದಾರೆ, ನೋಡಬಹುದು.

ನನ್ನ ವಾದದ ಎರಡನೇ ಅರ್ಧ ಇಲ್ಲಿದೆ. 2012ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2000 ಮೈಲಿ ಕಾಲುವೆ, ಹೊಳೆಗಳನ್ನು ಸರ್ಕಾರಿ ಸಂಸ್ಥೆಯ ಕೈಯಿಂದ ತೆಗೆದು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನೋ ಸೇವಾ ಸಂಸ್ಥೆಗೆ ಕೊಟ್ಟರು. ಜೊತೆಗೆ ವರ್ಷವರ್ಷವೂ ಸರ್ಕಾರದ ಅನುದಾನ. ಒಳ್ಳೆಯದೇ. ಆದರೆ 2023ರಲ್ಲಿ ಸರ್ಕಾರ, 2027ರಿಂದ ಹತ್ತು ವರ್ಷಕ್ಕೆ ಒಟ್ಟು ಸುಮಾರು 40 ಕೋಟಿ ಪೌಂಡು ಕೊಡ್ತೀವಿ, ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತೆ ಅಂತ ಹೇಳಿತು. ಏರುವ ಬೆಲೆಗಳ ಲೆಕ್ಕ ಹಿಡಿದರೆ ಕಡಿತ ಇನ್ನೂ ದೊಡ್ಡದು. ಒಳಗಿನ ಸೂಚನೆ ಏನು? 'ನಿಮಗೆ ದೋಣಿ ಬೇಕಾ, ನೀವೇ ನೋಡಿಕೊಳ್ಳಿ.'

ಇದಕ್ಕೆ ಒಂದು ನ್ಯಾಯವಾದ ಸಮರ್ಥನೆಯೂ ಇದೆ, ಅದನ್ನು ಮುಚ್ಚಿಡಬಾರದು. ಆಸ್ಪತ್ರೆಗೆ ದುಡ್ಡು ಸಾಲದಿರುವಾಗ ರಜೆಯ ಮಜಾ ಮಾಡುವವರ ದೋಣಿಗೆ ತೆರಿಗೆಯ ದುಡ್ಡು ಯಾಕೆ? ಕೇಳಬೇಕಾದ ಪ್ರಶ್ನೆಯೇ.

ನನ್ನ ಉತ್ತರ ಮೂರು. ಒಂದು, ಕಾಲುವೆ ದೋಣಿಯವರದ್ದು ಮಾತ್ರ ಅಲ್ಲ. ಹಿಂದೆ ಕುದುರೆ ನಡೆದ ದಂಡೆಯ ಮೇಲೆ ಇವತ್ತು ಟಿಕೆಟ್ಟಿಲ್ಲದೆ ಯಾರು ಬೇಕಾದರೂ ನಡೀಬಹುದು. ದೋಣಿ ಹತ್ತದೆ ವರ್ಷ ಪೂರ್ತಿ ನಾನೂ ಅಲ್ಲಿ ನಡೆದವನೇ. ಎರಡು, ಅದು ಎಷ್ಟೋ ಜನರ ಮನೆ. ಮನೆ ಬಾಡಿಗೆ ಮುಗಿಲು ಮುಟ್ಟಿರುವ ಊರುಗಳಲ್ಲಿ ದೋಣಿಯಲ್ಲೇ ಬದುಕುವವರಿದ್ದಾರೆ. ಸ್ವಂತ ತಂಗುದಾಣ ಇಲ್ಲದವರು 1995ರ ಕಾಯ್ದೆಯ ಪ್ರಕಾರ ಒಂದೇ ಜಾಗದಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಸಾಗುತ್ತಲೇ ಇರಬೇಕು. ದುಡ್ಡು ಸಾಲದಾದಾಗ ಲೈಸೆನ್ಸ್ ಶುಲ್ಕ ಏರಿ ಮೊದಲು ತಟ್ಟೋದು ಅವರಿಗೆ. ನಮ್ಮಂಥ ವಾರಾಂತ್ಯದವರಿಗಲ್ಲ. ಮೂರು, ನೀರಿಗೆ ರಜೆಯ ಲೆಕ್ಕ ಗೊತ್ತಿಲ್ಲ. 2019ರ ಆಗಸ್ಟಿನಲ್ಲಿ ಡರ್ಬಿಷೈರಿನ ವ್ಹೇಲಿ ಬ್ರಿಜ್ ಪಟ್ಟಣದ ಮೇಲಿರುವ ಟಾಡ್‌ಬ್ರೂಕ್ ಜಲಾಶಯದ ಕೋಡಿ ಕಿತ್ತುಬಂದು, ಸುಮಾರು 1500 ಜನರನ್ನು ಮನೆ ಬಿಡಿಸಬೇಕಾಯಿತು. ಆ ಜಲಾಶಯ ಕಟ್ಟಿದ್ದೇ ಹತ್ತೊಂಬತ್ತನೇ ಶತಮಾನದಲ್ಲಿ ಕಾಲುವೆಗೆ ನೀರುಣಿಸೋಕೆ. 2025ರಲ್ಲಿ ಮಳೆ ಕೈಕೊಟ್ಟಾಗ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಉದ್ದುದ್ದದ ಭಾಗಗಳನ್ನು ಮುಚ್ಚಿ, ಲಾಕ್‌ಗಳಿಗೆ ನಿಜವಾಗಿಯೂ ಬೀಗ ಹಾಕಿದರು. ಕಾಲುವೆಯ ಮೇಲೆ ಇವತ್ತು ದುಡ್ಡು ಹಾಕದಿದ್ದರೆ ಅದು ಸುಮ್ಮನೆ ಮಾಯವಾಗಲ್ಲ. ಒಡೆದುಕೊಂಡು ಯಾರದೋ ಮನೆಗೆ ನುಗ್ಗುತ್ತೆ.

ಸ್ವಯಂಸೇವಕ ಮೇಷ್ಟ್ರು ಕದ ತೆಗೆಯಬಲ್ಲರು, ಕದ ಮಾಡಲಾರರು. ಓಕ್ ಮರದ ಒಂದು ಕದದ ಆಯಸ್ಸು ಸುಮಾರು ಇಪ್ಪತ್ತೈದು ವರ್ಷ. ಆಮೇಲೆ ಕಾರ್ಯಾಗಾರದಲ್ಲಿ ಬಡಗಿಗಳು ಆ ಲಾಕಿನ ಅಳತೆಗೇ ಹೊಸದು ಮಾಡಬೇಕು, ನೀರು ಬರಿದು ಮಾಡಿ, ಕ್ರೇನು ತಂದು ಕೂರಿಸಬೇಕು. ಪ್ರೀತಿಯಿಂದ ಆಗುವ ಕೆಲಸ ಬೇರೆ, ಬಜೆಟ್ಟಿನಿಂದ ಆಗುವ ಕೆಲಸ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಕಡಿಯೋದು ಮೋಸ. ಓಪನ್ ಸೋರ್ಸ್ ಗೊತ್ತಿರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಬಳಸುವ ಲೈಬ್ರರಿಯನ್ನು ಯಾರೋ ಒಬ್ಬ ರಾತ್ರಿ ನಿದ್ದೆಗೆಟ್ಟು ನೋಡಿಕೊಳ್ತಾ ಇರ್ತಾನೆ, ಅದು ಒಡೆದ ದಿನ ಮಾತ್ರ ಎಲ್ಲರಿಗೂ ಅವನ ನೆನಪಾಗುತ್ತೆ.

ನಮ್ಮ ಕಡೆ ಇದು ತಿರುಗಾಮುರುಗಾ ಆಗಿದೆ. ಸುರಂಗದಿಂದ ಹೊರಗೆ ಬಂದ ಮೇಲೆ ಅಪ್ಪಾಜಿ ಹೇಳಿದ್ದು ಹುಲಿಕೆರೆ ಸುರಂಗದ ಮಾತು. ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆ ಗುಡ್ಡದ ಹೊಟ್ಟೆಯೊಳಗೆ ಹರಿಯುವ ಜಾಗ ಅದು. ಅದರ ಉದ್ದವೂ ಮೂರು ಕಿಲೋಮೀಟರಿಗೆ ಹತ್ತಿರ. "ಅದ್ರ ನೀರು ಕುಡ್ದೇ ಬೆಳ್ದಿದ್ದು ನಾವು. ಆದ್ರೆ ನಾಲೆ ಗೇಟು ನಮ್ದಲ್ಲ, ಇಲಾಖೇದು. ಕೆರೆ ತೂಬು ಮಾತ್ರ ನಮ್ದಾಗಿತ್ತು. ನೀರುಗಂಟಿ ಇದ್ದ. ಎಲ್ರ ಗದ್ದೆಗೂ ಸಮವಾಗಿ ಬಿಡ್ತಿದ್ದ. ಊರೋರೇ ಹೂಳೆತ್ತುತಿದ್ವಿ. ಆಮೇಲೆ ಕೆರೆನೂ ಸರ್ಕಾರದ್ದಾಯ್ತು. ಹೂಳು ಊರಿಗೇ ಉಳೀತು" ಅಂದರು. ಅಲ್ಲಿ ಕೀಲಿ ಕಿತ್ತುಕೊಂಡರು. ಇಲ್ಲಿ ಕೀಲಿ ಕೊಟ್ಟು ದುಡ್ಡು ಕಿತ್ತುಕೊಳ್ತಾ ಇದ್ದಾರೆ. ಎರಡೂ ಕಡೆ ಕೊನೆಗೆ ಉಳಿಯೋದು ಹೂಳೇ.

ಕರ್ನಾಟಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅಂತೀವಿ. ಕೆರೆ ಅಭಿವೃದ್ಧಿ ಅಂದರೆ ನಗರಗಳಲ್ಲಿ ನಮಗೆ ಕಾಣೋದು ಸುತ್ತ ಬೇಲಿ, ವಾಕಿಂಗ್ ಟ್ರ್ಯಾಕು, ಒಂದು ಗೇಟು, ಗೇಟಿಗೊಂದು ಬೀಗ, ಬೀಗಕ್ಕೊಬ್ಬ ಸೆಕ್ಯೂರಿಟಿ. ನೀರನ್ನು ನೋಡಬಹುದು, ಮುಟ್ಟುವಂತಿಲ್ಲ. ತೂಬು ಎಲ್ಲಿದೆ ಅಂತ ಬಹುಪಾಲು ಜನಕ್ಕೆ ಗೊತ್ತೇ ಇಲ್ಲ. ಎಲ್ಲಿದೆ ಅಂತ ಗೊತ್ತಿಲ್ಲದ ತೂಬು ಕೆಟ್ಟರೆ ಯಾರು ಕೇಳ್ತಾರೆ? ಕಾಲುವೆಯ ದೋಣಿಯವರು ಮಾತ್ರ ಒಂದು ಪ್ಯಾಡಲ್ ಬಿಗಿಯಾದರೂ ಫೋನ್ ಮಾಡಿ ತಿಳಿಸ್ತಾರೆ, ಯಾಕಂದ್ರೆ ಅದನ್ನು ತಿರುಗಿಸಿ ತೋಳು ನೊಂದಿರೋದು ಅವರಿಗೇ.

"ಇದ್ನ ಯಾಕೆ ಮಡೀಕಂಡವ್ರೆ?" ಅನ್ನೋದಕ್ಕೆ ನನ್ನ ಉತ್ತರ ಇದು. ಸಾವಿರಾರು ಜನ ಅಪರಿಚಿತರು ತಮ್ಮ ಹಿಂದೆ ಬರುವವನಿಗೆ ತೊಂದರೆಯಾಗಬಾರದು ಅಂತ ತೂಬು ಇಳಿಸಿ, ಕದ ಮುಚ್ಚಿ ಹೋಗುವ ಅಭ್ಯಾಸ ಅಲ್ಲಿ ಇನ್ನೂ ಉಳಿದಿದೆ. ಅದನ್ನು ಮ್ಯೂಸಿಯಂನಲ್ಲಿ ಇಟ್ಟು ಉಳಿಸೋಕಾಗಲ್ಲ. ದಿನಾ ಬಳಸಿದರೆ ಮಾತ್ರ ಉಳಿಯುತ್ತೆ. ಆ ಅಭ್ಯಾಸಕ್ಕೆ ಒಂದು ಜಾಗ ಬೇಕು, ಆ ಜಾಗದ ಗೋಡೆ ಗಟ್ಟಿ ಇಡೋದು ಸರ್ಕಾರದ ಕೆಲಸ.

ನಿಮ್ಮೂರಿನ ಕೆರೆ ತೂಬಿನ ಕೀಲಿ ಈಗ ಯಾರ ಹತ್ತಿರ ಇದೆ? ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಈ ಸಲ ಊರಿಗೆ ಹೋದಾಗ ಕೇಳಿಕೊಂಡು ಬನ್ನಿ.